ಕಾರ್ಖಾನೆಯಿಂದ ಹೊರಬಂದ ದಿನದಂತೆ: 1967ರ ಕಾರ್ವೆಟ್ ಕಾರನ್ನು ಅಸಲಿತನದ ತೀರ್ಪಿಗೆ ಅಣಿಗೊಳಿಸುವ ಬಗೆ

ಹಳೆಯ ಕಾರನ್ನು ಸ್ಪರ್ಧೆಗೆ ಒಯ್ಯುವುದೆಂದರೆ ಅದನ್ನು ಮುಖ ಕಾಣುವಷ್ಟು ಹೊಳೆಯಿಸಿ ನಿಲ್ಲಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅಂದಚೆಂದಕ್ಕೆ ಬಹುಮಾನ ಕೊಡುವ ಮೇಳಗಳ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಅಸಲಿತನವನ್ನೇ ಅಳೆಯುವ ತೀರ್ಪಿನಲ್ಲಿ ಅದೇ ಹೊಳಪು ಮಾಲೀಕನ ಅಂಕಗಳನ್ನು ತಿನ್ನುತ್ತದೆ. ಬಾನೆಟ್ಟಿನ ಅಡಿಯಲ್ಲಿ ಎಲ್ಲ ನಟ್ಟು ಬೋಲ್ಟುಗಳಿಗೂ ಕ್ರೋಮ್ ಲೇಪಿಸಿ, ಚಾಸಿಗೆ ಮಿರಮಿರ ಮಿನುಗುವ ಕಪ್ಪು ಬಣ್ಣ ಬಳಿದು ತಂದವನು, ಮಂಕಾದ ಬೂದುಬಣ್ಣದ ಬೋಲ್ಟುಗಳನ್ನು ಇದ್ದಂತೆಯೇ ಉಳಿಸಿಕೊಂಡು ಬಂದವನಿಗಿಂತ ಹಿಂದೆ ಬೀಳುತ್ತಾನೆ. ಇಲ್ಲಿ ಕೇಳುವ ಪ್ರಶ್ನೆ ಕಾರು ಎಷ್ಟು ಚೆನ್ನಾಗಿದೆ ಎಂಬುದಲ್ಲ. ಕಾರ್ಖಾನೆಯ ಬಾಗಿಲಿನಿಂದ ಹೊರಬಂದ ದಿನ ಅದು ಹೇಗಿತ್ತೋ ಈಗಲೂ ಹಾಗೆಯೇ ಇದೆಯೇ ಎಂಬುದು.

ಈ ಬಗೆಯ ತೀರ್ಪಿನಲ್ಲಿ ಅತ್ಯಂತ ವಿವರವಾದ ಪದ್ಧತಿಗಳಲ್ಲಿ ಒಂದನ್ನು ರೂಪಿಸಿರುವುದು ಅಮೆರಿಕದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ. 1974ರಲ್ಲಿ ಹುಟ್ಟಿದ ಈ ಸಂಘವನ್ನು ಎಲ್ಲರೂ ಎನ್‌ಸಿಆರ್‌ಎಸ್ ಎಂದೇ ಕರೆಯುತ್ತಾರೆ. ಷೆವ್ರೊಲೆ ಕಂಪನಿಯ ಕಾರ್ವೆಟ್ ಎಂಬ ಒಂದೇ ಕಾರಿಗೆ ಮೀಸಲಾದ ಈ ಸಂಘದ ತೀರ್ಪಿನಲ್ಲಿ ಕಾರುಗಳು ಒಂದರೊಡನೊಂದು ಸ್ಪರ್ಧಿಸುವುದಿಲ್ಲ. ಪ್ರತಿ ಕಾರನ್ನೂ ಒಂದು ನಿಶ್ಚಿತ ಮಾನದಂಡದ ಪಕ್ಕದಲ್ಲಿಟ್ಟು ನೋಡಲಾಗುತ್ತದೆ. ಸುಮಾರು ನಾಲ್ಕೂವರೆ ಸಾವಿರ ಅಂಕಗಳಲ್ಲಿ ಶೇ 94 ಅಥವಾ ಅದಕ್ಕಿಂತ ಹೆಚ್ಚು ಪಡೆದ ಕಾರಿಗೆ 'ಟಾಪ್ ಫ್ಲೈಟ್', ಶೇ 85ಕ್ಕೆ ಮೇಲ್ಪಟ್ಟು ಪಡೆದದ್ದಕ್ಕೆ 'ಸೆಕೆಂಡ್ ಫ್ಲೈಟ್', ಶೇ 75 ದಾಟಿದ್ದಕ್ಕೆ 'ಥರ್ಡ್ ಫ್ಲೈಟ್' ಮನ್ನಣೆ. ಸಾಲಿನಲ್ಲಿ ನಿಂತ ಅಷ್ಟೂ ಕಾರುಗಳು ಟಾಪ್ ಫ್ಲೈಟ್ ಪಡೆಯಬಹುದು, ಒಂದೂ ಪಡೆಯದೆಯೂ ಇರಬಹುದು. ಹೊರಮೈ, ಒಳಾಂಗಣ, ಎಂಜಿನ್ ಭಾಗ, ಚಾಸಿ ಮತ್ತು ಉಪಕರಣಗಳ ಕೆಲಸ ಎಂಬ ಐದು ವಿಭಾಗಗಳನ್ನು ಬೇರೆ ಬೇರೆ ತಂಡಗಳು ಪರಿಶೀಲಿಸುತ್ತವೆ. ಈ ಪದ್ಧತಿ ಕೆಲಸ ಮಾಡುವ ಬಗೆಯನ್ನು 1967ರ ಮಾದರಿಯನ್ನು ಇಟ್ಟುಕೊಂಡು ನೋಡುವುದು ಅನುಕೂಲ, ಏಕೆಂದರೆ ಆ ವರ್ಷದ ಕಾರುಗಳ ಬಗ್ಗೆ ತಿಳಿದಿರುವಷ್ಟು ವಿವರ ಬಹಳ ಕಡಿಮೆ ಕಾರುಗಳ ಬಗ್ಗೆ ತಿಳಿದಿದೆ.

1967ರಲ್ಲಿ ಸೇಂಟ್ ಲೂಯಿಸ್ ನಗರದ ಕಾರ್ಖಾನೆಯಿಂದ 22,940 ಕಾರ್ವೆಟ್‌ಗಳು ಹೊರಬಂದವು. ಅವುಗಳಲ್ಲಿ 8,504 ಮುಚ್ಚಿದ ಕೂಪೆಗಳು, ಉಳಿದವು ಚಾವಣಿ ಮಡಚುವ ಕನ್ವರ್ಟಿಬಲ್‌ಗಳು. ಆ ಕಾರ್ಖಾನೆ ಕುಶಲಕರ್ಮಿಗಳ ಆಶ್ರಮವೇನೂ ಆಗಿರಲಿಲ್ಲ. ಚಲಿಸುವ ಸಾಲಿನಲ್ಲಿ ನಿಂತ ಕಾರ್ಮಿಕನಿಗೆ ಒಂದೊಂದು ಕೆಲಸಕ್ಕೂ ಸಿಗುತ್ತಿದ್ದುದು ಕೆಲವೇ ನಿಮಿಷ. ಫೈಬರ್‌ಗ್ಲಾಸ್ ಹೊರಮೈಗೆ ಬಣ್ಣ ಸಿಂಪಡಿಸುವಾಗ ಅದು ಅಡಿಭಾಗಕ್ಕೂ ಹಾರುತ್ತಿತ್ತು. ಚಕ್ರಗಳ ಮೇಲಿನ ಗೂಡಿಗೆ ಹೊಡೆದ ಕಪ್ಪು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬಾಗಿಲುಗಳ ಸಂದು ಮೇಲೆ ಕೆಳಗೆ ಒಂದೇ ಅಳತೆಯಲ್ಲಿ ಇರುತ್ತಿರಲಿಲ್ಲ. ತೀರ್ಪುಗಾರರ ಮಾನದಂಡ ಈ ಅಂಕುಡೊಂಕುಗಳನ್ನೂ ಒಳಗೊಂಡದ್ದು: ಅದು ಆ ಕಾರ್ಖಾನೆಯ ಸಾಮಾನ್ಯ ಉತ್ಪಾದನೆಯ ಮಟ್ಟವೇ ಹೊರತು ಕಲ್ಪನೆಯ ಪರಿಪೂರ್ಣ ಕಾರಿನ ಮಟ್ಟವಲ್ಲ. ಹಾಗೆಂದು ಬೇಕಾಬಿಟ್ಟಿ ಕೆಲಸಕ್ಕೆ ಇಲ್ಲಿ ರಿಯಾಯಿತಿ ಇದೆ ಎಂದಲ್ಲ. ಕಾರ್ಖಾನೆ ಎಲ್ಲಿ ಅವಸರ ಮಾಡುತ್ತಿತ್ತು, ಎಲ್ಲಿ ಎಚ್ಚರ ವಹಿಸುತ್ತಿತ್ತು ಎಂಬುದನ್ನು ತಿಳಿದು ಅದನ್ನೇ ಉಳಿಸಿಕೊಳ್ಳುವುದು ಅಥವಾ ಮರುರೂಪಿಸುವುದು ಸಿದ್ಧತೆಯ ತಿರುಳು.

ಯಾವುದೇ ಬಿಡಿಭಾಗದ ಮುಂದೆ ನಿಂತಾಗ ತೀರ್ಪುಗಾರರು ಐದು ಸಂಗತಿಗಳನ್ನು ನೋಡುತ್ತಾರೆ. ಅದರ ಆಕಾರ ಮತ್ತು ರಚನೆ ಸರಿಯೇ, ಅದರ ಮೇಲಿನ ತಾರೀಖು ಕಾರಿಗೆ ಹೊಂದುತ್ತದೆಯೇ, ಅದು ಪೂರ್ತಿಯಾಗಿದೆಯೇ, ಜೋಡಿಸಿದ ರೀತಿ ಸರಿಯೇ, ಮೇಲ್ಮೈಯ ಲೇಪ ಮೂಲದಂತಿದೆಯೇ. ರೇಡಿಯೇಟರ್ ಪೈಪನ್ನು ಬಿಗಿಯುವ ಕ್ಲ್ಯಾಂಪ್ ಒಂದನ್ನೇ ತೆಗೆದುಕೊಳ್ಳಿ. ಈಗ ಬಿಡಿಭಾಗದ ಅಂಗಡಿಯಲ್ಲಿ ಸಿಗುವ, ಪಟ್ಟಿಯ ಉದ್ದಕ್ಕೂ ಸೀಳುಗಳಿರುವ ಕ್ಲ್ಯಾಂಪ್ ನೀರನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ರಚನೆಯೇ ಬೇರೆಯಾದ್ದರಿಂದ ಅಲ್ಲಿಗೆ ಅದರ ಕಥೆ ಮುಗಿಯಿತು. ಆ ಕಾಲದ, ಸ್ಕ್ರೂ ಕೂರುವ ಕಡೆ ಪುಟ್ಟ ಗೋಪುರದಂತೆ ಎದ್ದುನಿಲ್ಲುವ ಕ್ಲ್ಯಾಂಪನ್ನೇ ಹುಡುಕಿ ತಂದರೂ ಸ್ಕ್ರೂವಿನ ತಲೆ ತಪ್ಪು ದಿಕ್ಕಿಗೆ ತಿರುಗಿದ್ದರೆ ಜೋಡಣೆಯ ಅಂಕ ಹೋಗುತ್ತದೆ. ಬೆಳ್ಳಗೆ ಹೊಳೆಯುವ ಹೊಸ ಲೇಪವಿದ್ದರೆ ಲೇಪದ ಅಂಕ ಹೋಗುತ್ತದೆ. ಇಂಥ ನೂರಾರು ಚಿಲ್ಲರೆ ಕಡಿತಗಳು ಕೂಡಿಯೇ ಶೇ 94ರ ಗೆರೆ ಕೈತಪ್ಪುವುದು. ದೊಡ್ಡ ತಪ್ಪೊಂದರಿಂದ ಮಾತ್ರ ಸೋತವರು ಕಡಿಮೆ.

ಅಸಲಿತನಕ್ಕೂ ಸುಸ್ಥಿತಿಗೂ ಪ್ರತ್ಯೇಕ ಅಂಕಗಳಿವೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಐವತ್ತೈದು ಅರವತ್ತು ವರ್ಷ ಹಳೆಯ ಸೀಟಿನ ಹೊದಿಕೆ ಅಂಚಿನಲ್ಲಿ ಸವೆದಿದ್ದರೂ ಅಸಲಿಯಾಗಿದ್ದರೆ, ಅಸಲಿತನದ ಅಂಕಗಳು ಪೂರ್ತಿ ಬಂದು ಸ್ಥಿತಿಯ ಅಂಕಗಳಲ್ಲಿ ಮಾತ್ರ ಸ್ವಲ್ಪ ಕಡಿತವಾಗುತ್ತದೆ. ಅದನ್ನು ಕಿತ್ತೆಸೆದು, ನೇಯ್ಗೆಯ ಗೆರೆ ಬೇರೆಯಾದ ಹೊಸ ಹೊದಿಕೆ ಹಾಕಿಸಿದರೆ ಸ್ಥಿತಿಯ ಅಂಕ ಬಂದರೂ ಅಸಲಿತನದ ಅಂಕ ಕೈಬಿಡುತ್ತದೆ, ಜೊತೆಗೆ ಕಿತ್ತೆಸೆದದ್ದು ಮತ್ತೆ ಸಿಗುವುದಿಲ್ಲ. ಅನುಮಾನವಿದ್ದಾಗ ಮುಟ್ಟದೆ ಬಿಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಳಾದ ಹಳೆಯ ಭಾಗಕ್ಕಿಂತ ಹಾಳು ಮಾಡಿದ ಹಳೆಯ ಭಾಗಗಳೇ ಗ್ಯಾರೇಜುಗಳಲ್ಲಿ ಹೆಚ್ಚು.

ಆದ್ದರಿಂದ ಮೊದಲ ಕೆಲಸ ತೊಳೆಯುವುದಲ್ಲ, ದಾಖಲಿಸುವುದು. ಕಾರಿನ ಅಡಿಭಾಗದಲ್ಲಿ ಜಿಡ್ಡು ಮತ್ತು ಮಣ್ಣು ಸೇರಿ ಗಟ್ಟಿಯಾದ ಪದರದ ಕೆಳಗೆ ಕಾರ್ಖಾನೆಯ ಕಾರ್ಮಿಕರು ಹಚ್ಚಿದ ಬಣ್ಣದ ಚುಕ್ಕೆಗಳು, ಮೇಣದ ಬಳಪದಲ್ಲಿ ಬರೆದ ಅಂಕೆಗಳು, ಬೋಲ್ಟು ಬಿಗಿಯಾಗಿದೆ ಎಂದು ಪರೀಕ್ಷಕ ಎಳೆದ ಗೆರೆಗಳು ಇನ್ನೂ ಉಳಿದಿರಬಹುದು. ಒತ್ತಡದ ನೀರು ಹಾಯಿಸಿದರೆ ಒಂದೇ ಕ್ಷಣದಲ್ಲಿ ಅವೆಲ್ಲವೂ ಚರಂಡಿ ಸೇರುತ್ತವೆ. ಮೆದುವಾದ ಬ್ರಷ್ ಮತ್ತು ಸೀಮೆಎಣ್ಣೆಯಂಥ ಸೌಮ್ಯ ದ್ರಾವಣ ಬಳಸಿ, ಅಂಗೈಯಗಲದಷ್ಟು ಜಾಗವನ್ನು ನಿಧಾನವಾಗಿ ತೆರೆದು, ಕಂಡದ್ದನ್ನು ಅಳತೆಪಟ್ಟಿಯ ಸಮೇತ ಫೋಟೊ ತೆಗೆದು, ಆಮೇಲೆ ಮುಂದಿನ ಜಾಗಕ್ಕೆ ಹೋಗಬೇಕು. ಬಿಚ್ಚಿದ ಪ್ರತಿ ಬೋಲ್ಟನ್ನೂ ಅದು ಎಲ್ಲಿಯದು ಎಂದು ಬರೆದ ಪೊಟ್ಟಣದಲ್ಲಿ ಹಾಕಿಡಬೇಕು, ಏಕೆಂದರೆ ಬೋಲ್ಟಿನ ತಲೆಯ ಮೇಲೆ ತಯಾರಕರ ಗುರುತಿನ ಅಕ್ಷರಗಳಿರುತ್ತವೆ ಮತ್ತು ತೀರ್ಪುಗಾರರು ಅವನ್ನು ಓದುತ್ತಾರೆ.

ಕಾಗದಪತ್ರಗಳೂ ಇದೇ ಹಂತದಲ್ಲಿ ಸಿಗಬೇಕು. ಮೊದಲ ಮಾಲೀಕನಿಗೆ ವಾರಂಟಿ ಪುಸ್ತಕದೊಡನೆ ಕೊಡುತ್ತಿದ್ದ 'ಪ್ರೊಟೆಕ್ಟ್-ಒ-ಪ್ಲೇಟ್' ಎಂಬ ಚಿಕ್ಕ ಲೋಹದ ಫಲಕದಲ್ಲಿ ಕಾರಿನ ಸಂಖ್ಯೆ, ಎಂಜಿನ್ನಿನ ಸಂಕೇತ ಮುಂತಾದವು ಉಬ್ಬಕ್ಷರದಲ್ಲಿ ಇರುತ್ತಿದ್ದವು. 1967ರಿಂದೀಚೆಗಿನ ಹಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಅಂಟಿಸಿದ, ಆ ಕಾರಿಗೆ ಹಾಕಬೇಕಾದ ಸಾಮಾನುಗಳ ಪಟ್ಟಿಯ ಕಾಗದವೂ ಸಿಗುತ್ತದೆ. ಅಷ್ಟು ವರ್ಷ ಬಿಸಿಲು, ತೇವ ಮತ್ತು ಪೆಟ್ರೋಲಿನ ಆವಿ ಕುಡಿದ ಆ ಕಾಗದ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ; ಟ್ಯಾಂಕನ್ನು ಇಳಿಸಿದ ಕೂಡಲೇ, ಬೇರಾವ ಕೆಲಸಕ್ಕೂ ಮೊದಲು, ಅದನ್ನು ನಾಲ್ಕಾರು ಕೋನಗಳಿಂದ ಚಿತ್ರೀಕರಿಸಿಕೊಳ್ಳಬೇಕು.

ಇನ್ನು ಎಂಜಿನ್. ತೀರ್ಪಿನಲ್ಲಿ ಅತಿ ಹೆಚ್ಚು ತೂಕವಿರುವುದೂ, ಅತಿ ಹೆಚ್ಚು ಮೋಸ ನಡೆಯುವುದೂ ಇಲ್ಲಿಯೇ. ಎಂಜಿನ್ ಬ್ಲಾಕಿನ ಬಲಬದಿಯ ಮುಂಭಾಗದಲ್ಲಿ, ಬ್ಲಾಕಿನ ಮುಚ್ಚಳದಂಥ ಹೆಡ್ ಕೂರುವ ಅಂಚಿನಿಂದ ಮುಂದಕ್ಕೆ ಚಾಚಿಕೊಂಡಂತೆ, ಸಣ್ಣದೊಂದು ಸಮತಟ್ಟಾದ ಜಾಗವಿದೆ. ಅದನ್ನು ಸ್ಟ್ಯಾಂಪ್ ಪ್ಯಾಡ್ ಎನ್ನುತ್ತಾರೆ. ಅದರ ಮೇಲೆ ಎರಡು ಸಾಲು ಅಥವಾ ಎರಡು ಗುಂಪು ಅಚ್ಚುಗಳಿರುತ್ತವೆ. ಒಂದು, ಎಂಜಿನ್ ಜೋಡಿಸಿದ ಕಡೆ ಹೊಡೆದದ್ದು. ಉದಾಹರಣೆಗೆ 'ವಿ0315ಎಚ್‌ಇ' ಎಂದಿದ್ದರೆ ಫ್ಲಿಂಟ್ ನಗರದ ಎಂಜಿನ್ ಕಾರ್ಖಾನೆಯಲ್ಲಿ ಮಾರ್ಚ್ 15ರಂದು ಜೋಡಣೆಯಾದ, 327 ಘನ ಅಂಗುಲದ, 300 ಅಶ್ವಶಕ್ತಿಯ, ಕೈಯಿಂದ ಗೇರ್ ಬದಲಿಸುವ ಕಾರಿನ ಎಂಜಿನ್ ಎಂದರ್ಥ. ಇನ್ನೊಂದು, ಸೇಂಟ್ ಲೂಯಿಸ್‌ನಲ್ಲಿ ಆ ಎಂಜಿನ್ ಕಾರಿನ ಪಾಲಾದ ಮೇಲೆ ಹೊಡೆದದ್ದು. ಅದು ಮಾದರಿ ವರ್ಷದ ಒಂದು ಅಂಕೆ ಮತ್ತು ಕಾರಿನ ಕ್ರಮಸಂಖ್ಯೆಯ ಕೊನೆಯ ಆರು ಅಂಕೆ. ಎರಡೂ ಅಚ್ಚುಗಳು ಬೇರೆ ಊರಿನಲ್ಲಿ, ಬೇರೆ ದಿನ, ಬೇರೆ ಕೈಯಿಂದ, ಬೇರೆ ಅಚ್ಚುಮೊಳೆಗಳಿಂದ ಬಿದ್ದವು. ಹಾಗಾಗಿ ಅವು ಒಂದೇ ಆಳದಲ್ಲಿ, ಒಂದೇ ಅಕ್ಷರರೂಪದಲ್ಲಿ, ನೂಲು ಹಿಡಿದಂತೆ ಒಂದೇ ರೇಖೆಯಲ್ಲಿ ನಿಂತಿದ್ದರೆ ತೀರ್ಪುಗಾರನ ಹುಬ್ಬು ಮೇಲೇರುತ್ತದೆ.

ಅಕ್ಷರಗಳಿಗಿಂತ ಹೆಚ್ಚು ಮಾತನಾಡುವುದು ಅವುಗಳ ಹಿಂದಿನ ಲೋಹ. ಬ್ಲಾಕಿನ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಬ್ರೋಚ್ ಎಂಬ ಯಂತ್ರದಿಂದ ಕೆತ್ತಿ ಮಟ್ಟ ಮಾಡುತ್ತಿದ್ದರು. ಆ ಯಂತ್ರದ ಹಲ್ಲುಗಳು ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ಸಮಾನಾಂತರವಾದ ನವಿರು ಗೆರೆಗಳನ್ನು ಬಿಟ್ಟು ಹೋಗುತ್ತಿದ್ದವು. ಪ್ಯಾಡಿನ ಮೇಲೂ ಅದೇ ಗೆರೆಗಳಿರಬೇಕು. ಎಂಜಿನ್ ರಿಪೇರಿಗೆ ಹೋದಾಗ ಹೆಡ್ ಸರಿಯಾಗಿ ಕೂರಲೆಂದು ಮೇಲ್ಮೈಯನ್ನು ಲೇತಿನ ಅಂಗಡಿಯಲ್ಲಿ ಮತ್ತೆ ಉಜ್ಜಿಸುವುದುಂಟು. ಪ್ಯಾಡ್ ಕೂಡ ಅದೇ ಮಟ್ಟದಲ್ಲಿರುವುದರಿಂದ ಅಚ್ಚುಗಳೂ ಗೆರೆಗಳೂ ಒಟ್ಟಿಗೆ ಸವೆದುಹೋಗುತ್ತವೆ, ಅವುಗಳ ಜಾಗದಲ್ಲಿ ತಿರುಗುವ ಕಲ್ಲಿನ ಬಾಗಿದ ಗೆರೆಗಳು ಬರುತ್ತವೆ. ಅಸಲಿ ಬ್ಲಾಕನ್ನು ಅಂಗಡಿಗೆ ಕೊಡುವಾಗ ಪ್ಯಾಡನ್ನು ಮುಟ್ಟಬಾರದೆಂದು ಬಾಯಲ್ಲಿ ಹೇಳಿದರೆ ಸಾಲದು, ಬರೆದು, ಬ್ಲಾಕಿಗೇ ಕಟ್ಟಿ ಕೊಡಬೇಕು. ಪ್ಯಾಡಿನ ಮೇಲೆ ಬಣ್ಣ ಅಥವಾ ತುಕ್ಕು ಕುಳಿತಿದ್ದರೆ ಎಮರಿ ಕಾಗದವನ್ನಾಗಲಿ ತಂತಿ ಬ್ರಷ್ಷನ್ನಾಗಲಿ ಹತ್ತಿರ ತರಬಾರದು. ಬಣ್ಣ ಕರಗಿಸುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಇಟ್ಟು, ಮೆತ್ತಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಈ ಪುಟ್ಟ ಜಾಗಕ್ಕೆ ಇಷ್ಟೊಂದು ಕಾವಲು ಏಕೆಂದು ಕೇಳಿದರೆ ಉತ್ತರ ಹಣದಲ್ಲಿದೆ. 1967ರಲ್ಲಿ ಎಲ್88 ಎಂಬ 427 ಘನ ಅಂಗುಲದ ರೇಸಿಂಗ್ ಎಂಜಿನ್ ಹಾಕಿದ ಕಾರ್ವೆಟ್‌ಗಳು ತಯಾರಾದದ್ದು ಕೇವಲ 20. ಅವುಗಳಲ್ಲಿ ಒಂದು ಕೆಂಪು ಕೂಪೆ 2014ರ ಜನವರಿಯಲ್ಲಿ ಅರಿಜೋನಾದ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಎಂಜಿನ್ನಿನ ಗುರುತು ಪ್ಯಾಡಿನ ಮೇಲಿನ 'ಐಟಿ' ಎಂಬ ಎರಡೇ ಅಕ್ಷರ. ಅಷ್ಟು ಬೆಲೆ ಎರಡು ಅಕ್ಷರಗಳಿಗೆ ಜೋತುಬಿದ್ದಿರುವಾಗ ಹಳೆಯ ಅಚ್ಚನ್ನು ಅಳಿಸಿ, ಸುಳ್ಳು ಬ್ರೋಚ್ ಗೆರೆ ಎಳೆದು, ಹೊಸ ಅಚ್ಚು ಹೊಡೆಯುವವರು ಹುಟ್ಟಿಕೊಳ್ಳುವುದು ಆಶ್ಚರ್ಯವಲ್ಲ. ಇದನ್ನು ಕೆಲವರು 'ಮರುಸ್ಥಾಪನೆ' ಎಂಬ ನಯವಾದ ಹೆಸರಿನಿಂದ ಕರೆಯುತ್ತಾರೆ. ಕಳೆದುಹೋದ ಎಂಜಿನ್ನಿನ ಜಾಗಕ್ಕೆ ಅದೇ ಕಾಲದ ಇನ್ನೊಂದು ಎಂಜಿನ್ ಇಟ್ಟು, ಅದನ್ನು ಹಾಗೆಂದೇ ಹೇಳಿದರೆ ಯಾರ ತಕರಾರೂ ಇರಬೇಕಿಲ್ಲ. ಕಾರಿನ ಸಂಖ್ಯೆಯನ್ನು ಅದರ ಮೇಲೆ ಹೊಡೆದು ಮುಂದಿನ ಕೊಳ್ಳುಗನಿಗೆ ಸುಮ್ಮನೆ ದಾಟಿಸುವುದಕ್ಕೆ ಮಾತ್ರ ವಂಚನೆ ಎಂಬುದೇ ಸರಿಯಾದ ಹೆಸರು. ಎನ್‌ಸಿಆರ್‌ಎಸ್‌ನ ಮನ್ನಣೆ ಕೂಡ ಕಾರ್ಖಾನೆಯ ಕೆಲಸದಂತೆ ಕಾಣುತ್ತದೆ ಎಂಬುದಕ್ಕೆ ಸಿಕ್ಕಿದ್ದೇ ಹೊರತು ಕಾರು ಅಸಲಿ ಎಂಬ ಖಾತರಿಪತ್ರವಲ್ಲ. ಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಪ್ಯಾಡಿನ ಕಥೆಯನ್ನು ಉಳಿದ ತಾರೀಖುಗಳು ಬೆಂಬಲಿಸಬೇಕು. ಬ್ಲಾಕನ್ನು ಎರಕ ಹೊಯ್ದ ದಿನ ಅದರ ಹಿಂಭಾಗದ ಚಾಚಿನಲ್ಲಿ ಉಬ್ಬಕ್ಷರದಲ್ಲಿದೆ. 'ಸಿ 8 7' ಎಂದರೆ 1967ರ ಮಾರ್ಚ್ 8. ಎರಕ ಮಾರ್ಚ್ 8ಕ್ಕೆ, ಎಂಜಿನ್ ಜೋಡಣೆ ಮಾರ್ಚ್ 15ಕ್ಕೆ, ಕಾರು ತಿಂಗಳ ಕೊನೆಗೆ ಎಂದಾದರೆ ಸರಪಳಿ ಕೂಡಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಮೇಲಿನ ಮೂರಂಕೆಯಲ್ಲಿ ವರ್ಷ, ತಿಂಗಳು, ವಾರ ಇರುತ್ತವೆ. '731' ಎಂದರೆ 1967ರ ಮಾರ್ಚ್ ತಿಂಗಳ ಮೊದಲ ವಾರ. ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಗಾಜು, ಸೀಟ್ ಬೆಲ್ಟು, ಎಲ್ಲಕ್ಕೂ ತಮ್ಮದೇ ಸಂಕೇತಗಳಿವೆ, ಮತ್ತು ಇಲ್ಲಿ ಎಡವಿ ಬೀಳಬಹುದಾದ ಒಂದು ಜಾಗವಿದೆ. ಎರಕದ ತಾರೀಖಿನಲ್ಲಿ ತಿಂಗಳುಗಳಿಗೆ ಎ ಇಂದ ಎಲ್ ವರೆಗೆ ಹನ್ನೆರಡು ಅಕ್ಷರಗಳನ್ನು ಸಾಲಾಗಿ ಬಳಸಿದರೆ, ಡೆಲ್ಕೊ-ರೆಮಿಯ ವಿದ್ಯುತ್ ಭಾಗಗಳಲ್ಲಿ ಒಂದು ಎಂಬ ಅಂಕೆಯೊಡನೆ ಗೊಂದಲವಾಗುವ 'ಐ' ಅಕ್ಷರವನ್ನು ಬಿಟ್ಟಿದ್ದಾರೆ. ಹೀಗಾಗಿ 'ಜೆ' ಎಂಬುದು ಬ್ಲಾಕಿನ ಮೇಲೆ ಅಕ್ಟೋಬರ್, ಡಿಸ್ಟ್ರಿಬ್ಯೂಟರಿನ ಮೇಲೆ ಸೆಪ್ಟೆಂಬರ್. ಗಾಜಿನ ಮೂಲೆಯ ಎರಡಕ್ಷರದ ಸಂಕೇತವಂತೂ ಅಕಾರಾದಿಯಲ್ಲೇ ಇಲ್ಲ, ಅದಕ್ಕೆ ಪಟ್ಟಿಯೇ ಬೇಕು. ಭಾಗದ ತಾರೀಖು ಕಾರು ತಯಾರಾದ ದಿನಕ್ಕಿಂತ ಹಿಂದಿನ ಆರು ತಿಂಗಳೊಳಗೆ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಾರಿಗಿಂತ ಒಂದೇ ವಾರ ಈಚಿನದಾದರೂ ಯಾವ ಸಮಜಾಯಿಷಿಯೂ ನಡೆಯದು.

ಲೇಪಗಳ ವಿಷಯ ಬೇಸರ ತರಿಸುವಷ್ಟು ದೀರ್ಘ, ಆದರೆ ಕಾರುಗಳು ಸೋಲುವುದು ಇಲ್ಲಿ. ಒಂದೇ ಎಂಜಿನ್ ಗೂಡಿನಲ್ಲಿ ಫಾಸ್ಫೇಟ್ ಮಾಡಿ ಎಣ್ಣೆಯಲ್ಲಿ ಅದ್ದಿದ ಕಪ್ಪುಬೂದಿಯ ಬೋಲ್ಟುಗಳು, ಜಿಂಕ್ ಅಥವಾ ಕ್ಯಾಡ್ಮಿಯಂ ಲೇಪದ ತುಂಡುಗಳು, ಅರ್ಧಹೊಳಪಿನ ಕಪ್ಪು ಬಣ್ಣದವು, ಯಾವ ಲೇಪವೂ ಇಲ್ಲದ ಬರಿಯ ಕಬ್ಬಿಣದವು ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಸ್ಟಿಯರಿಂಗ್ ಸಲಾಕೆಗಳಂಥ ಎಷ್ಟೋ ಭಾಗಗಳನ್ನು ಕಾರ್ಖಾನೆ ಬಣ್ಣವಿಲ್ಲದೆಯೇ ಕಳಿಸಿತ್ತು. ತುಕ್ಕು ಹಿಡಿಯದಂತೆ ಅವಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೇಣ ಅಥವಾ ಎಣ್ಣೆ ಹಚ್ಚಬಹುದು, ಬಣ್ಣ ಹಚ್ಚುವಂತಿಲ್ಲ. ಎಂಜಿನ್ನಿಗೆ ಬಳಿಯುವ ಷೆವ್ರೊಲೆ ಕಿತ್ತಳೆ ಬಣ್ಣವನ್ನು ಅಂಚು ಕಟ್ಟಿ ಅಂದವಾಗಿ ಹೊಡೆಯುವುದೂ ತಪ್ಪು. ಎಂಜಿನ್ನಿನ ಹೊಗೆಯನ್ನು ಹೊರಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಅದು ಒಂದಿಷ್ಟು ಹಾರಿರಬೇಕು, ಬಿಸಿಗೆ ಸುಟ್ಟು ಕರಗಿರಬೇಕು.

ಹೊರಮೈ ಬಣ್ಣ ಆಗ ಅಕ್ರಿಲಿಕ್ ಲ್ಯಾಕರ್. ಇಂದಿನ ಗ್ಯಾರೇಜುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರ ಹೊಡೆದು ಪಡೆಯುವ ಆಳವಾದ ಹೊಳಪು ಅದಕ್ಕಿರಲಿಲ್ಲ. ಕಣ್ಣಿಗೆ ಬೀಳುವ ಕಡೆ ಉಜ್ಜಿ ಪಾಲಿಶ್ ಮಾಡುತ್ತಿದ್ದರು, ಬಾಗಿಲಿನ ಒಳಅಂಚು ಮತ್ತು ಬಾನೆಟ್ಟಿನ ಸಂದಿಗಳಲ್ಲಿ ಸಿಂಪಡಿಸಿದ್ದು ಸಿಂಪಡಿಸಿದಂತೆಯೇ ಮಂಕಾಗಿ ಉಳಿಯುತ್ತಿತ್ತು. ಯಾವ ಬಣ್ಣ ಎಂಬುದಕ್ಕೆ ಡ್ಯಾಶ್‌ಬೋರ್ಡಿನ ಕೆಳಗಿನ ಲೋಹದ ತಗಡಿನಲ್ಲಿ ಸಂಖ್ಯೆಯಿದೆ: 974 ಇದ್ದರೆ ರ‍್ಯಾಲಿ ರೆಡ್, 976 ಇದ್ದರೆ ಮರೀನಾ ಬ್ಲೂ, 983 ಇದ್ದರೆ ಗುಡ್‌ವುಡ್ ಗ್ರೀನ್. ತಗಡು ನೀಲಿ ಎನ್ನುತ್ತಿದ್ದು ಕಾರು ಕೆಂಪಾಗಿದ್ದರೆ, ಕೆಲಸ ಎಷ್ಟೇ ಸೊಗಸಾಗಿದ್ದರೂ ಭಾರೀ ಕಡಿತ ಕಾದಿದೆ.

ಟೈರು ಮತ್ತು ಎಕ್ಸಾಸ್ಟ್ ಪೈಪುಗಳಲ್ಲಿ ಮಾಲೀಕ ತನ್ನ ಮನಸ್ಸನ್ನೇ ತೂಗಬೇಕಾಗುತ್ತದೆ. ಮೂಲ ಅಳತೆ 7.75-15ರ, ಒಳಪದರಗಳನ್ನು ಓರೆಯಾಗಿ ಹೆಣೆದ ಹಳೆಯ ಬಗೆಯ ಬಯಾಸ್ ಪ್ಲೈ ಟೈರು ರಸ್ತೆಯ ಗೆರೆಗಳನ್ನು ಹಿಡಿದು ಅತ್ತಿತ್ತ ಎಳೆಯುತ್ತದೆ, ರೇಡಿಯಲ್ ಟೈರು ನೆಟ್ಟಗೆ ಓಡುತ್ತದೆ ಆದರೆ ಅಂಕ ತರುವುದಿಲ್ಲ. ಮಾಮೂಲಿ ಉಕ್ಕಿನ ಎಕ್ಸಾಸ್ಟ್ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಹಾಕಿದರೆ ತೀರ್ಪಿನಲ್ಲಿ ಸೋಲು. ಇದಕ್ಕೆ ಹಲವರು ಕಂಡುಕೊಂಡ ದಾರಿ ಎರಡು ಜೊತೆ ಚಕ್ರ: ಒಂದು ಓಡಾಟಕ್ಕೆ, ಒಂದು ತೀರ್ಪಿಗೆ. ಎಕ್ಸಾಸ್ಟಿಗೆ ಹಾಗೆ ಮಾಡುವ ಉತ್ಸಾಹ ಯಾರಿಗೂ ಇರಲಾರದು.

ಕೆಲಸ ಮಾಡುವ ಭಾಗಗಳ ತಂಡ ಎಂಜಿನ್ ಸಂಖ್ಯೆಗಳ ಗೊಡವೆಗೆ ಹೋಗುವುದಿಲ್ಲ. ಹಾರ್ನ್, ವೈಪರ್, ರೇಡಿಯೊ, ಹೀಟರ್, ಎಲ್ಲ ದೀಪಗಳು ಕೆಲಸ ಮಾಡಬೇಕು. 1963ರಿಂದ 1967ರವರೆಗಿನ ಕಾರ್ವೆಟ್‌ಗಳಲ್ಲಿ ಮುಂದಿನ ದೀಪಗಳು ವಿದ್ಯುತ್ ಮೋಟಾರಿನಿಂದ ತಿರುಗಿ ಹೊರಮುಖವಾಗುತ್ತವೆ, ಎರಡೂ ಬದಿ ತಿರುಗಬೇಕು. ಆ ದೀಪದ ಗಾಜಿನ ನಡುವೆ ತ್ರಿಕೋನದ ಗುರುತಿರುವ 'ಟಿ-3' ಬಲ್ಬುಗಳೇ ಆಗಿರಬೇಕು ಎಂಬುದು ಹೊರಮೈ ತಂಡದ ತಲೆನೋವು. ಡ್ಯಾಶ್‌ಬೋರ್ಡಿನ ಗಡಿಯಾರ ನಿಂತುಹೋಗುವುದಕ್ಕೇ ಹೆಸರುವಾಸಿ, ಅದನ್ನು ಹಿಂದಿನ ರಾತ್ರಿ ನೆನಪು ಮಾಡಿಕೊಂಡರೆ ತಡವಾಗಿರುತ್ತದೆ.

ತೀರ್ಪಿನ ದಿನ ಮಾಲೀಕ ಕಾರಿನ ಬಳಿಯೇ ಇರಬೇಕು, ಬಾನೆಟ್ಟನ್ನೂ ಬಾಗಿಲುಗಳನ್ನೂ ತಾನೇ ತೆರೆದು ಕೊಡಬೇಕು. ತೀರ್ಪುಗಾರರು ಟಾರ್ಚು, ಸಣ್ಣ ಕನ್ನಡಿಗಳೊಡನೆ ಮಂಡಿಯೂರಿ ನೋಡುತ್ತಾರೆ; ಪ್ಯಾಡಿನ ಮುಂದೆ ಅವರು ಕಳೆಯುವ ಸಮಯ ಶಾಸನ ಓದುವವರನ್ನೂ ನಾಚಿಸೀತು. ವಾದ ಮಾಡುವುದರಿಂದ ಲಾಭವಿಲ್ಲ. ಆದರೆ ವಿಚಿತ್ರವಾಗಿ ಕಾಣುವ ಅಸಲಿ ಭಾಗವೊಂದಿದ್ದರೆ, ತೊಳೆಯುವ ಮೊದಲು ತೆಗೆದ ಫೋಟೊ ಮತ್ತು ಕಾಗದಗಳನ್ನು ಮುಂದಿಟ್ಟರೆ ಅವರು ನೋಡುತ್ತಾರೆ. ಎಲ್ಲ ಮುಗಿದ ಮೇಲೆ ಕೈಗೆ ಬರುವ ಅಂಕಪಟ್ಟಿಯಲ್ಲಿ ಯಾವ ಭಾಗಕ್ಕೆ ಎಷ್ಟು ಕಡಿತ, ಏಕೆ ಎಂಬುದು ಸಾಲುಸಾಲಾಗಿ ಇರುತ್ತದೆ. ಅದನ್ನು ಮೂರು ಗುಂಪು ಮಾಡಿಕೊಳ್ಳುವುದು ಒಳ್ಳೆಯದು: ತಿರುಗಿಸಿ ಬಿಗಿದರೆ ಸರಿಹೋಗುವ ಜೋಡಣೆಯ ತಪ್ಪುಗಳು, ಹುಡುಕಿ ಕೊಳ್ಳಬೇಕಾದ ಭಾಗಗಳು, ಮತ್ತು ಅಸಲಿಯೇ ಆದರೂ ಹಳತಾಗಿ ಸ್ಥಿತಿಯ ಅಂಕ ಕಳೆದುಕೊಂಡವು. ಮೊದಲ ಗುಂಪನ್ನು ಮುಂದಿನ ತಿಂಗಳೊಳಗೆ ಮುಗಿಸಬಹುದು, ಎರಡನೆಯದಕ್ಕೆ ವರ್ಷಗಳೇ ಹಿಡಿಯಬಹುದು, ಮೂರನೆಯದಕ್ಕೆ ಕೈ ಹಾಕದಿರುವುದೇ ಮೇಲು.